ಇಳಿಜಾರಿನಲ್ಲಿ ಸದ್ದಿಲ್ಲದ ಸ್ಕೂಟರ್

ಅಳಿಯಂದಿರಿಗೆ,

ನಿನ್ನೆ ಸಂಜೆ ನಮ್ಮ ಮನೆಗೆ ಬಂದ ಮಗಳ ಮೊಣಕೈ ತರಚಿತ್ತು. ಬಚ್ಚಲಲ್ಲಿ ಜಾರಿದೆ ಎಂದಳು. ಬಚ್ಚಲಲ್ಲಿ ಜಾರಿದವಳ ಗಾಯದೊಳಗೆ ಜಲ್ಲಿಪುಡಿ ಹೇಗೆ ಬಂತು? ಗದರಿಸಿದ ಮೇಲೆ ಬಾಯಿಬಿಟ್ಟಳು: "ಪೆಟ್ರೋಲ್ ರೇಟು ಏರಿತಲ್ಲಮ್ಮಾ, ಆಫೀಸಿಗೆ ಹೋಗೋವಾಗ ಇಳಿಜಾರಲ್ಲಿ ಸ್ಕೂಟರ್ ಆಫ್ ಮಾಡ್ತಾರೆ. ತಿರುವಲ್ಲಿ ಬಿದ್ವಿ. ಅವರನ್ನ ಬೈಬೇಡ."

ಬೈಯುವುದಿಲ್ಲ. ಹಿಂದೆ ಕೂತವಳು ಆರು ತಿಂಗಳ ಬಸುರಿ ಎಂದಷ್ಟೇ ನೆನಪಿಸುತ್ತೇನೆ. ಮಗು ಕ್ಷೇಮ ಎಂದು ಡಾಕ್ಟರು ಹೇಳಿದ್ದಾರೆ. ಹೆರಿಗೆಯವರೆಗೆ ಅವಳು ಇಲ್ಲಿಂದಲೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ.

ನಿಮ್ಮ ಮೊಣಕಾಲಿಗೂ ಪೆಟ್ಟಾಗಿದೆಯಂತೆ. ಮುಲಾಮು ಕಳಿಸಿದ್ದೇನೆ, ಹಚ್ಚಿಕೊಳ್ಳಿ. ಭಾನುವಾರ ಊಟಕ್ಕೆ ಬನ್ನಿ. ನಮ್ಮ ಬೀದಿಯೂ ಇಳಿಜಾರೇ. ಸ್ಕೂಟರಿನ ಸದ್ದು ಕೇಳಿದರೆ ಮಾತ್ರ ಬಾಗಿಲು ತೆಗೆಯುತ್ತೇನೆ.

ಇತಿ,
ನಿಮ್ಮ ಹೆಂಡತಿಯ ತಾಯಿ