ಬುಧವಾರದ ಗುಳಿಗೆ

ಮಂಗಳವಾರ, ಮಧ್ಯಾಹ್ನ ಎರಡೂವರೆ
ಆಸ್ಪತ್ರೆಯ ಮೂರನೇ ಮಹಡಿ, ಕಿಟಕಿ ಪಕ್ಕದ ಬೆಂಚು

ಅಕ್ಕನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವ ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದೆ ಆ ಸಾಲನ್ನು ಬಿಟ್ಟಿದ್ದೇನೆ. ಮೊದಲು ಮುಖ್ಯವಾದದ್ದು: ಅಮ್ಮ ಇವತ್ತು ಬೆಳಿಗ್ಗೆ ನನ್ನನ್ನು ಗುರುತಿಸಿದಳು. ಎರಡನೆಯದು: ಅವಳಿಗೆ ಆದದ್ದು ವಯಸ್ಸಿನಿಂದಲ್ಲ. ನಮ್ಮಿಂದ. ಇಷ್ಟು ಬರೆದು ಪೆನ್ನಿಗೆ ಮುಚ್ಚಳ ಹಾಕಿ, ಎದ್ದು ಹೋಗಿ ನೀರು ಕುಡಿದು ಬಂದೆ. ತಿರುಗಿ ಓದಿದರೂ ಅದು ಹಾಗೇ ಇದೆ.

ಭಾನುವಾರ ನೀನು ಆಸ್ಪತ್ರೆಗೆ ಬಂದಾಗ ನಿನಗೆ ಇದನ್ನು ಯಾರೂ ಹೇಳಲಿಲ್ಲ. ಹೇಳಬೇಡಿ ಎಂದು ಡಾಕ್ಟರನ್ನು ನಾನೇ ಕೇಳಿಕೊಂಡಿದ್ದೆ. ಆ ಹೊತ್ತಿಗೆ ನಾನು ಎಂದಿನಂತೆ ನನ್ನ ಕನ್ನಡಕದಂಗಡಿಯಲ್ಲಿ ಶಟರ್ ಅರ್ಧ ಇಳಿಸಿಕೊಂಡು, ಯಾರೂ ಕೇಳದ ಫ್ರೇಮುಗಳನ್ನು ಒರೆಸುತ್ತಾ ಕೂತಿದ್ದೆ. ಭಾನುವಾರ ಮೂರರಿಂದ ಆರು ನಿನ್ನ ಹೊತ್ತು. ಈ ಒಪ್ಪಂದವನ್ನು ನಾವು ಮಾತಾಡಿ ಮಾಡಿಕೊಳ್ಳಲಿಲ್ಲ, ಮಾತು ಬಿಟ್ಟು ಮಾಡಿಕೊಂಡೆವು. ಅಪ್ಪ ತೀರಿಕೊಂಡ ವಾರ, ಅಮ್ಮನನ್ನು ಯಾರು ನೋಡಿಕೊಳ್ಳಬೇಕು ಎನ್ನುವ ಮಾತಿನಲ್ಲಿ, ನಾನು ನಿನ್ನನ್ನು ಭಾನುವಾರದ ಮಗಳು ಎಂದೆ. "ಆಯ್ತು, ಭಾನುವಾರವೇ ಬರ್ತೀನಿ. ನೀನು ಮಾತ್ರ ನನ್ನ ಕಣ್ಣಿಗೆ ಬೀಳಬೇಡ" ಎಂದು ನೀನು ಎದ್ದು ಹೋದೆ. ಇಬ್ಬರೂ ಆಡಿದ ಮಾತಿಗೆ ತಪ್ಪದವರು. ಅಷ್ಟರ ಮಟ್ಟಿಗೆ ಅಮ್ಮನ ಮಕ್ಕಳೇ.

ಕಳೆದ ವರ್ಷ ಅವಳು ಒಂದು ದಿನ ಹೊಲಿಗೆ ಯಂತ್ರದ ಮುಂದೆ ಕೂತವಳು, "ಸಂಜೆ ಆದ್ರೆ ಪೆಡಲು ತುಳಿಯೋಕೆ ಕಾಲೇ ಬರಲ್ಲ ಕಣೋ" ಎಂದಳು. ಎಪ್ಪತ್ತನಾಲ್ಕರಲ್ಲಿ ಊರವರ ಪ್ಯಾಂಟಿನ ಕಾಲು ಮಡಚಿ ಹೊಲಿಯುವವಳಿಗೆ ಸಂಜೆ ಸುಸ್ತಾಗುವುದು ಸಹಜ. ಆದರೆ ನಿನ್ನೆದುರು ಸೋಲಬಾರದೆಂಬ ಹಟ ನನಗೆ ಎಷ್ಟಿತ್ತೆಂದರೆ, ಅವಳ ಸುಸ್ತನ್ನು ನಾನು ನನ್ನ ಮೇಲಿನ ದೂರಿನಂತೆ ಕೇಳಿಸಿಕೊಂಡೆ. ಮಾರನೆಯ ದಿನವೇ ಬೀದಿ ತುದಿಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಅವರು ವಿಟಮಿನ್ ಡಿ ಕಡಿಮೆ ಇದೆ ಎಂದು ವಾರಕ್ಕೊಂದು ನುಂಗುವ ಬಂಗಾರದ ಬಣ್ಣದ ಗುಳಿಗೆ ಬರೆದುಕೊಟ್ಟರು. ಬೇರೇನೂ ಬೇಡ ಎಂದರು. ಬೇರೆಲ್ಲವನ್ನೂ ನಾನೇ ಆರಿಸಿದೆ.

ಗುಳಿಗೆ ಕೊಳ್ಳಲು ಹೋದ ಔಷಧದಂಗಡಿಯ ಗೋಡೆ ತುಂಬ ಬಾಟಲಿಗಳು. ಒಂದರ ಮೇಲೆ ಬೆಟ್ಟ ಹತ್ತುವ ನರೆಗೂದಲ ಗಂಡಹೆಂಡತಿ, ಇನ್ನೊಂದರ ಮೇಲೆ ಸೈಕಲ್ ತುಳಿಯುವ ಅಜ್ಜಿ. ಎಲ್ಲರ ಹಲ್ಲೂ ನೆಟ್ಟಗಿದ್ದವು. ಬಿಳಿ ಕೋಟು ತೊಟ್ಟ ಹುಡುಗಿ ಕೇಳಿದಳು: "ಯಾರಿಗೆ ಸಾರ್? ಮೂಳೆಗಾ, ಮೆದುಳಿಗಾ, ಶಕ್ತಿಗಾ?" ಎಲ್ಲಕ್ಕೂ ಸೇರಿ ಒಂದಿಲ್ಲವೇ ಎಂದೆ. "ಇದೆ. ಆದ್ರೆ ಅದನ್ನ ತಗೊಂಡವರು ಮುಂದಿನ ವಾರ ಬಂದು ಒಂದೊಂದಕ್ಕೂ ಬೇರೆ ಬೇರೆ ತಗೊಂಡು ಹೋಗ್ತಾರೆ" ಎಂದಳು. ಸುಳ್ಳು ಹೇಳದ ಹುಡುಗಿ. ನಾನು ನಾಲ್ಕು ಬಗೆ ತಂದೆ. ಯಾವುದು ಬೇಕು, ಯಾವುದು ಬೇಡ ಎಂದು ತಿಳಿದು ತಂದದ್ದಲ್ಲ. ಚೀಲ ಭಾರವಾದಷ್ಟೂ ಮಗನಾಗಿ ನನ್ನ ತೂಕ ಹೆಚ್ಚುತ್ತದೆ ಎಂಬಂತೆ ತುಂಬಿಕೊಂಡು ಬಂದೆ.

ವಾರದ ಏಳು ದಿನಕ್ಕೆ ಏಳು ಮನೆಗಳಿರುವ ಆ ನೀಲಿ ಗುಳಿಗೆ ಡಬ್ಬಿ ನಿನಗೆ ಗೊತ್ತು. ಪ್ರತಿ ಶನಿವಾರ ಸಂಜೆ ಅದನ್ನು ತುಂಬುವುದು ನನ್ನ ಕೆಲಸವಾಯಿತು. ದಿನದ ಗುಳಿಗೆಗಳು ಏಳೂ ಮನೆಗೆ, ಬಂಗಾರದ್ದು ಬುಧವಾರದ ಮನೆಗೆ ಮಾತ್ರ. ತುಂಬಿ ಮುಚ್ಚಿ, ಅಡುಗೆಮನೆಯ ಕಪಾಟಿನಲ್ಲಿಡುತ್ತಿದ್ದೆ. ಇಟ್ಟ ಮೇಲೆ ಮುಂದಿನ ಶನಿವಾರದವರೆಗೂ ಅದನ್ನು ಮುಟ್ಟುತ್ತಿರಲಿಲ್ಲ. ಅಮ್ಮ ತಾನೇ ತೆಗೆದು ನುಂಗುತ್ತಿದ್ದಳು.

ಆಮೇಲೆ ಆದದ್ದನ್ನು ನೀನು ವಾರಕ್ಕೆ ಮೂರು ಗಂಟೆಯಂತೆ ನೋಡಿದೆ, ನಾನು ಇಡೀ ವಾರ ನೋಡಿದೆ. ಯಾರಿಗೆ ಹೆಚ್ಚು ಕಂಡಿತೆಂದು ಈಗ ಹೇಳಲಾರೆ. ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಹೊಲಿಸಿಕೊಂಡ ಪ್ಯಾಂಟು ತೊಟ್ಟೇ ಬಂದರು. ಒಂದು ಕಾಲು ಹಿಮ್ಮಡಿಗೆ, ಇನ್ನೊಂದು ಮೀನಖಂಡಕ್ಕೆ. "ತಾಯಿ, ಕಾಲುವೆ ದಾಟೋದು ಒಂದೇ ಕಾಲಲ್ಲಿ ಅಂದ್ಕೊಂಡ್ರಾ?" ಎಂದು ನಕ್ಕರು. ಅಮ್ಮ ನಗಲಿಲ್ಲ. ಟೇಪು ಹಿಡಿದು ಅಳೆದಳು, ಮತ್ತೆ ಅಳೆದಳು, ಟೇಪಿನ ಯಾವ ತುದಿ ಮೊದಲಿನದೆಂದು ನನ್ನನ್ನು ಕೇಳಿದಳು. ಆ ದಿನದಿಂದ ಊಟ ಸೇರಲಿಲ್ಲ, ಬಾಯಾರಿಕೆ ತಣಿಯಲಿಲ್ಲ. ಕೊಡ ಕೊಡ ನೀರು ಕುಡಿದು ಬಚ್ಚಲಿಗೂ ಹಾಸಿಗೆಗೂ ಓಡಾಡಿದಳು. ಆಮೇಲೆ ಓಡಾಡಲೂ ಆಗಲಿಲ್ಲ. ಸುಸ್ತು ಹೆಚ್ಚಿತೆಂದು ನಾನು ಐದನೆಯ ಬಾಟಲಿ ತಂದೆ.

ಮರೆವಿನ ಕಾಯಿಲೆ ಎಂದು ನಾನೇ ತೀರ್ಮಾನಿಸಿದೆ. ಬೀದಿ ತುದಿಯ ಡಾಕ್ಟರು, ವಯಸ್ಸಲ್ಲವೇ, ಇರಬಹುದು ಎಂದರು. ಆ 'ಇರಬಹುದು' ನನಗೆ ಸಾಕಾಯಿತು. ಮರೆವಿನವರನ್ನು ನೋಡಿಕೊಳ್ಳುವ ಒಂದು ಆಶ್ರಮಕ್ಕೆ ಅರ್ಜಿ ಹಾಕಿದ್ದು ನಿನಗೆ ಗೊತ್ತು, ಮಕ್ಕಳಿಬ್ಬರ ಸಹಿ ಬೇಕಿದ್ದರಿಂದ ಕಾಗದ ನಿನ್ನ ಬಾಗಿಲಿಗೂ ಬಂದಿತ್ತು. ನೀನು ಸಹಿ ಮಾಡಲಿಲ್ಲ, ಅದಕ್ಕೂ ನಿನ್ನ ಮೇಲೆ ಸಿಟ್ಟಾದೆ. ಅವಳ ಎದುರಿಗೇ ಅವಳ ವಿಷಯವನ್ನು ಇನ್ನೊಬ್ಬರಲ್ಲಿ ಆಡುವುದು ನನಗೆ ಅಭ್ಯಾಸವಾಗಿತ್ತು. ಅಕ್ಕ, ಈಗ ನನ್ನನ್ನು ಬೆಚ್ಚಿಬೀಳಿಸುವುದು ಇದೇ. ಅವಳು ಇನ್ನೂ ಒಳಗೇ ಇದ್ದಳು. ನಾನು ಆಗಲೇ ಕಳಿಸಿಕೊಟ್ಟು ಬಾಗಿಲು ಹಾಕಿಕೊಂಡಿದ್ದೆ.

ಗುರುವಾರ ಅವಳು ಯಂತ್ರದ ಮೇಲೆ ತಲೆಯಿಟ್ಟು ಬಿದ್ದಿದ್ದಳು. ಎಬ್ಬಿಸಿದರೆ ನನ್ನನ್ನು "ಅಂಗಡಿ ಸಾಹುಕಾರ್ರೇ" ಎಂದಳು, ದಾರದುಂಡೆ ಕೇಳಿದಳು. ಇಲ್ಲಿ ಸೇರಿಸಿದ ಮರುದಿನ ಡಾಕ್ಟರಮ್ಮ ರಕ್ತದ ವರದಿ ಹಿಡಿದು ಬಂದರು. ಮೂವತ್ತು ದಾಟಿರಲಿಕ್ಕಿಲ್ಲ, ಚಪ್ಪಲಿ ಸದ್ದಾಗದಂತೆ ನಡೆಯುತ್ತಾರೆ. ರಕ್ತದಲ್ಲಿ ಸುಣ್ಣ, ಅಂದರೆ ಕ್ಯಾಲ್ಸಿಯಂ, ಇರಬಾರದಷ್ಟು ಏರಿದೆ, ಮನೆಯಲ್ಲಿ ಏನೇನು ನುಂಗುತ್ತಾರೋ ಎಲ್ಲ ತನ್ನಿ ಎಂದರು. ಡಬ್ಬಿಯನ್ನು ತಂದು ಅವರ ಮೇಜಿನ ಮೇಲೆ ತೆರೆದೆ. ಶುಕ್ರವಾರದ ಮನೆಯಲ್ಲಿ ಬಂಗಾರದ ಗುಳಿಗೆ. ಶನಿವಾರದ ಮನೆಯಲ್ಲೂ ಒಂದು.

"ಇದು ವಾರಕ್ಕೊಂದು ತಗೊಳ್ಳೋದು. ಹೆಚ್ಚಾದ್ರೆ ಸುಣ್ಣ ಏರಿ ಮರೆವೂ ಬರುತ್ತೆ. ದಿನಾ ಯಾಕೆ ಕೊಟ್ರಿ?"

"ನಾನು ಬುಧವಾರಕ್ಕೆ ಮಾತ್ರ ಹಾಕ್ತೀನಿ."

"ಹಾಗಾದ್ರೆ ಮಿಕ್ಕಿದ್ದು ಯಾರು ಹಾಕಿದ್ದು, ಇಲಿನಾ?"

ಗೊತ್ತಿಲ್ಲ ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿದರು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಆ ಗಳಿಗೆಯಲ್ಲಿ ಅವರಿಗೆ ನಾನು ಏನಾಗಿ ಕಂಡಿರಬಹುದು ಎಂದು ಯೋಚಿಸಿದರೆ ಈ ಬೆಂಚಿನ ಮೇಲೆ ಕೂರಲಾಗುವುದಿಲ್ಲ.

ಉತ್ತರ ಸಿಕ್ಕಿದ್ದು ನಿನ್ನೆ. ಭಾನುವಾರ ನೀನು ಹೊರಡುವಾಗ ದಾದಿಯ ಕೈಗೆ ಒಂದು ಬಾಟಲಿ ಕೊಟ್ಟು, "ತಮ್ಮ ಇದನ್ನ ಸರಿಯಾಗಿ ಹಾಕದೆ ಮರೀತಾನೆ. ಅಮ್ಮ ತುಂಬ ನಿಶ್ಶಕ್ತಿ ಆಗಿದಾಳೆ, ದಿನಾ ತಪ್ಪದೆ ಕೊಡಿ" ಎಂದೆಯಂತೆ. ಆಕೆ ಅದನ್ನು ನನಗೆ ಕೊಟ್ಟಳು. ಅದೇ ಬಂಗಾರದ ಗುಳಿಗೆ, ಅದೇ ಪ್ರಮಾಣ. ಅಂಗಡಿ ಮಾತ್ರ ಬೇರೆ. ಅದನ್ನು ನೋಡುವವರೆಗೂ ಆ ಕೈ ನಿನ್ನದೆಂದು ನನಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಎಲ್ಲವೂ ಸಲೀಸಾಗಿ ಅರ್ಥವಾಯಿತು. ಶಾಲೆಯ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳ ತಲೆ ಎಣಿಸುವವಳು ನೀನು. ಒಂದು ಸೀಟು ಖಾಲಿ ಇದ್ದರೆ ಬಸ್ಸು ಹೊರಡಿಸುವುದಿಲ್ಲ. ಡಬ್ಬಿ ತೆರೆದರೆ ಒಂದು ಮನೆಯಲ್ಲಿ ಬಂಗಾರದ ತಲೆ ಇದೆ, ಮಿಕ್ಕ ಮನೆಗಳಲ್ಲಿ ಇಲ್ಲ. ನೀನು ತುಂಬದೆ ಇನ್ನೇನು ಮಾಡುತ್ತೀ? ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಬೇಕಾದರೆ ನನ್ನನ್ನೇ ಕೇಳಬೇಕಿತ್ತು.

ನಿನ್ನನ್ನು ದೂರಲು ಬರೆಯುತ್ತಿಲ್ಲ. ವಾರಕ್ಕೊಂದು ಎಂಬುದನ್ನು ಬಾಟಲಿಯ ಹಿಂದೆ ಎಷ್ಟು ಸಣ್ಣದಾಗಿ ಅಚ್ಚು ಹಾಕಿದ್ದಾರೆಂದು ನಾನೂ ನೋಡಿದೆ. ಅದನ್ನು ಓದಬೇಕಾದರೆ ಕಣ್ಣು ಚೆನ್ನಾಗಿದ್ದರೆ ಸಾಲದು, ಸಂಶಯವೂ ಇರಬೇಕು. ಒಳ್ಳೆಯದನ್ನು ಮಾಡುತ್ತಿದ್ದೇನೆ ಎಂದುಕೊಂಡವರಿಗೆ ಅದು ಎಲ್ಲಿಂದ ಬರಬೇಕು?

ಐದು ದಿನದಿಂದ ರಕ್ತನಾಳಕ್ಕೆ ನೀರು ಹರಿಸಿ ಸುಣ್ಣ ಇಳಿಸುತ್ತಿದ್ದಾರೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ, ಎಷ್ಟು ಸರಿಹೋಗುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲವಂತೆ. ಆ ಮದ್ದು ಮೈಯ ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದಂತೆ. ಮರೆವು ಬಹುಮಟ್ಟಿಗೆ ಇಳಿಯುತ್ತದೆ ಎಂದರು. ಇವತ್ತು ಬೆಳಿಗ್ಗೆ ಅವಳು ಕಣ್ಣು ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೋ ಗೂಬೆ, ಗಡ್ಡ ಬೋಳಿಸೋಕೂ ಯಾರಾದ್ರೂ ಹೇಳ್ಬೇಕಾ?" ಎಂದಳು. ಐದು ತಿಂಗಳಲ್ಲಿ ಅವಳು ನನ್ನನ್ನು ಬೈದದ್ದು ಅದೇ ಮೊದಲು. ನಾನು ಹೊರಗೆ ಬಂದು ಗೋಡೆಗೆ ಒರಗಿ ನಿಂತೆ.

ಆಮೇಲೆ ಗುಳಿಗೆಯ ವಿಷಯ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ನಾನು ಕಂಡಿದ್ನಲ್ಲೋ. ಅವಳು ಹಾಕುವಾಗ ಎದುರಿಗೇ ಕೂತಿರ್ತಿದ್ದೆ. ಬುಧವಾರದ್ದು ನಿಂದು, ಮಿಕ್ಕಿದ್ದು ಅವಳದು."

"ಮತ್ತೆ ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಅವಳದನ್ನ ತೆಗೆದು ಬಿಸಾಕ್ತಿದ್ದೆ. ಅವಳಿಗೆ ಹೇಳಿದ್ರೆ ಅವಳು ನಿಂದನ್ನ ಬಿಸಾಕ್ತಿದ್ದಳು. ಅದಕ್ಕೇ ಇಬ್ಬರದೂ ನುಂಗಿದೆ. ಹೊಟ್ಟೆಯಲ್ಲಾದ್ರೂ ಒಟ್ಟಿಗಿರಲಿ ಅಂತ."

ಇದನ್ನು ಅವಳು ತಮಾಷೆಗೆ ಹೇಳಿದಳೋ ಏನೋ. ಹೇಳಿ ಮಗ್ಗುಲಾಗಿ ನಿದ್ದೆಹೋದಳು.

ನಿನ್ನಿಂದ ಬೇಕಾದದ್ದು ಒಂದೇ. ಯಾವ ತಿಂಗಳಿನಿಂದ ಹಾಕಲು ಶುರುಮಾಡಿದೆ ಎಂದು ಡಾಕ್ಟರಮ್ಮನಿಗೆ ತಿಳಿಯಬೇಕಂತೆ, ಎಷ್ಟು ಒಳಗೆ ಸೇರಿದೆ ಎಂದು ಅಂದಾಜು ಕಟ್ಟಲು. ಬಂದು ನೀನೇ ಹೇಳು. ಭಾನುವಾರದವರೆಗೆ ಕಾಯಬೇಡ. ಆಶ್ರಮದ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀನು ಬರುವಾಗ ನಾನು ಅಂಗಡಿಗೆ ಹೋಗುವುದಿಲ್ಲ, ಇಲ್ಲೇ ಇರುತ್ತೇನೆ. ಕಣ್ಣಿಗೆ ಬೀಳುತ್ತೇನೆ, ಸಹಿಸಿಕೋ.

ನಿನ್ನ ತಮ್ಮ,
ಗೂಬೆ

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸಿದ್ದನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಯಾವಾಗಿನಿಂದ ಎಂದು ಕೇಳಿದೆನಲ್ಲ, ಹೇಳಬೇಕಾಗಿಲ್ಲ. ನನಗೆ ಗೊತ್ತು. ಐದು ತಿಂಗಳ ಹಿಂದೆ ಒಂದು ಸೋಮವಾರ, ತಲೆನೋವಿನ ಮಾತ್ರೆ ಹುಡುಕುತ್ತಾ ಆ ಡಬ್ಬಿ ತೆರೆದೆ. ಬೇರೆ ಮನೆಗಳಲ್ಲೂ ಬಂಗಾರದ ಗುಳಿಗೆ ಇತ್ತು. ನಿನ್ನ ಕೈ ಎಂದು ಆಗಲೇ ತಿಳಿಯಿತು, ವಾರಕ್ಕೊಂದೇ ಎನ್ನುವುದೂ ತಿಳಿದಿತ್ತು. ಎರಡು ವರ್ಷ ಏಳು ತಿಂಗಳಲ್ಲಿ ನಾನು ಇಟ್ಟ ವಸ್ತುವೊಂದನ್ನು ನೀನು ಮುಟ್ಟಿದ್ದು ಅದೇ ಮೊದಲು. ತೆಗೆದುಹಾಕಿದರೆ ಅದೂ ನಿಂತುಹೋಗುತ್ತದೆ ಎನಿಸಿತು. ವಿಟಮಿನ್ ತಾನೇ, ಹೆಚ್ಚಾದರೆ ಏನಾಗುತ್ತದೆ ಎಂದುಕೊಂಡು ಮುಚ್ಚಿಟ್ಟೆ. ಮುಂದಿನ ಶನಿವಾರ ಬುಧವಾರದ ಮನೆಯನ್ನು ಬೇಕೆಂದೇ ಖಾಲಿ ಬಿಟ್ಟೆ, ನೀನು ತುಂಬುತ್ತೀಯೋ ನೋಡೋಣವೆಂದು. ತುಂಬಿದೆ. ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಅದನ್ನು ತೆರೆದು ನೋಡುತ್ತಿದ್ದೆ, ಪತ್ರ ಬಂದಿದೆಯೇ ಎಂದು ನೋಡುವವನ ಹಾಗೆ. ಅಂದಿನಿಂದ ನಾನು ಬಂಗಾರದ್ದು ಒಂದನ್ನೂ ಹಾಕಿಲ್ಲ, ಏಳೂ ನಿನ್ನವೇ. ಡಾಕ್ಟರಮ್ಮನಿಗೆ ಇದನ್ನು ಹೇಳಿಲ್ಲ, ನೀನು ಬಂದ ಮೇಲೆ ನಿನ್ನೆದುರಿಗೇ ಹೇಳುತ್ತೇನೆ. ಬುಧವಾರದ್ದು ನನ್ನದೆಂದು ಅಮ್ಮ ಇನ್ನೂ ನಂಬಿದ್ದಾಳೆ.