ಎಳೆತದ ಗೇರು

ಮಂಗಳವಾರ, ಹದಿನಾಲ್ಕನೇ ತಾರೀಖು.

ನಲವತ್ತು ದಾಟಿದರೆ ಸಾಕು, ಲಾರಿ ಬಾಯಿ ಬಡಿದುಕೊಳ್ಳುತ್ತದೆ. ಹಿಂದಿನ ಚಕ್ರ ತಿರುಗಿಸುವ ಡಿಫರೆನ್ಷಿಯಲ್ ಗೇರು ಸವೆದಿದೆ, ಬೇರೆ ಹಾಕು ಎಂದರೆ, ಗ್ಯಾರೇಜಿನ ಆ ಡೊಳ್ಳುಹೊಟ್ಟೆ ಮೇಸ್ತ್ರಿ ಗುಡ್ಡಕ್ಕೆ ಬಂಡೆ ಎಳೆಯುವ ಗೇರು ಕೂರಿಸಿದ್ದಾನೆ. ನಾನು ಓಡಿಸುವುದು ಪೇಟೆಯ ಸಮತಟ್ಟು ರಸ್ತೆಯಲ್ಲಿ. ಎಳೆತ ಬೇಕಾದಷ್ಟಿದೆ, ಓಟವಿಲ್ಲ. ಇವತ್ತು ಶಾಲೆಯ ವ್ಯಾನೊಂದು ನನ್ನನ್ನು ಹಿಂದೆ ಹಾಕಿತು. ಮಕ್ಕಳು ಕೈ ಬೀಸಿದವು.

ಮೈಯೆಲ್ಲ ಉರಿದು ನೇರ ಗ್ಯಾರೇಜಿಗೆ ಹೋಗಿ ಕೂಗಾಡಿದೆ.

"ಲೋಡು ಎಷ್ಟಿರುತ್ತೆ ಅಂತ ಕೇಳಿದ್ನಲ್ಲ ಸ್ವಾಮಿ? ಎರಡಾಳು ಎತ್ತರ, ಹಗ್ಗ ಬಿಗಿಯೋಕೇ ಇಬ್ರು ಬೇಕು ಅಂದೋರು ನೀವೇ. ಅದಕ್ಕೇ ಎಳೆತದ ಗೇರು ಹಾಕ್ದೆ. ಅಂಥ ಮಾಲು ಏನು ನಿಮ್ದು?"

ಅಲ್ಲಿದ್ದ ಡ್ರೈವರುಗಳೆಲ್ಲ ನನ್ನ ಬಾಯಿಯನ್ನೇ ನೋಡಿದರು. ನಾನು ಹೇರುವುದು ಸ್ಪಂಜಿನ ಹಾಸಿಗೆ. ಲಾರಿ ತುಂಬ ಹೇರಿದರೂ ಆ ಮೇಸ್ತ್ರಿಯ ಹೊಟ್ಟೆಯಷ್ಟು ತೂಗುವುದಿಲ್ಲ. ಬಡಾಯಿ ಕೊಚ್ಚಿದ ನನ್ನ ನಾಲಿಗೆಗೆ ಬೆಂಕಿ ಹಾಕ.

"ಕಬ್ಬಿಣ," ಎಂದೆ.

"ಹಾಗಾದ್ರೆ ಗೇರು ಸರಿಯಾಗೇ ಇದೆ ಬಿಡಿ," ಎಂದು ಕೈ ಒರೆಸಿಕೊಂಡ.

ಹಾಳಾದವನು. ನಾಳೆ ಮೂವತ್ತು ಹಾಸಿಗೆ ಹೇರಿಕೊಂಡು ಅವನ ಗ್ಯಾರೇಜಿನ ಮುಂದೆಯೇ ಹೋಗಬೇಕು, ಬೇರೆ ದಾರಿಯಿಲ್ಲ. ಅದೂ ಮೆಲ್ಲಗೆ.