ಏಳು ವರ್ಷ ಉಂಡ ಮುದ್ದೆ

‘ಸುಟ್ಟ ನೆಲ ತಾನೇ ಚಿಗುರೀತು...’ ಹೀಗೊಂದು ಸಾಲು, ಮುಂದಿನದು ಮರೆತಿದೆ. ಎಂ.ಎ. ಓದುವಾಗ ಎಲ್ಲೋ ಕಂಡದ್ದಿರಬೇಕು. ಆಗ ಹಿತವಾಗಿತ್ತು. ಈಗ ಅನುಮಾನ. ನೆಲದ ಮಾತು ಸರಿ, ಅದರ ಮೇಲೆ ಮನೆ ಕಟ್ಟಿಕೊಂಡಿದ್ದವರು? ಚಿಗುರಿದೆ ಎಂದು ಹೇಳುವವರು ಎಷ್ಟು ಹತ್ತಿರ ಹೋಗಿ ನೋಡಿದ್ದಾರೆ?

ಇಂದು ೨೧೪೭ರ ಹೊಗೆಮಾಸ, ಒಂಬತ್ತನೆಯ ದಿನ. ಈ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ಕಾಡು ಹೊತ್ತಿಕೊಳ್ಳುವ ದಿನಗಳನ್ನು ಮಾರ್ಚಿಗೂ ಏಪ್ರಿಲಿಗೂ ನಡುವೆ ಬೇರೆಯಾಗಿ ಎಣಿಸುವುದು ನಮಗೆ ರೂಢಿಯಾಗಿದೆ. ನನ್ನ ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ಬಹಳ ವರ್ಷಗಳ ಹಿಂದೆ, ಬೆಂಕಿಯಲ್ಲಿ ಉಳಿದವರಿಗಾಗಿ ಮೊದಲ ನಿಯಮಪುಸ್ತಕ ಬರೆಯಲು ಕುಳಿತ ನಿಮಗೆ ಈ ಕಾಗದ. ಅದು ನಿಮ್ಮನ್ನು ತಲುಪದು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಾನು ನಂಟುಗಾರ್ತಿ. ಸುಟ್ಟ ಮನೆಯೊಂದಕ್ಕೆ ಏಳು ವರ್ಷ ಗೊತ್ತುಮಾಡಿದ ಹೆಂಗಸನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಪ್ರತಿ ಅಮಾವಾಸ್ಯೆಯ ಮಾರನೆಯ ದಿನ ಹೋಗುತ್ತೇವೆ. ಎದೆಯ ಹೊಗೆಗೆ ಔಷಧಿ, ಕಳೆದ ದಾಖಲೆ, ನಿದ್ದೆ ಬಾರದವರಿಗೆ ವೈದ್ಯರು, ಎಲ್ಲವೂ ನಮ್ಮ ಮೂಲಕವೇ. ಕರೆಯದೆ ಹೊಸಿಲು ದಾಟುವಂತಿಲ್ಲ. ಏಳನೆಯ ವರ್ಷದ ಕೊನೆಗೆ ಆರು ಪ್ರಶ್ನೆಗಳಿಗೆ ಗುರುತು ಹಾಕುತ್ತೇವೆ. ಎಲ್ಲಕ್ಕೂ ‘ಹೌದು’ ಎಂದಾದರೆ ಕಡತ ಮುಚ್ಚುತ್ತದೆ. ಒಂದು ಪ್ರಶ್ನೆ: ಒಲೆ ನಡೆಯುತ್ತಿದೆಯೇ?

ನನ್ನ ಪಾಲಿಗೆ ಬಂದವಳು ಕೇತಮ್ಮ. ಬೆಟ್ಟದಿಂದಿಳಿದ ಬೆಂಕಿಯಲ್ಲಿ ಗಂಡ, ಮನೆ, ಹದಿನೆಂಟು ಮೇಕೆ ಹೋದವು. ಹೊಸ ಮನೆಗೆ ಸರ್ಕಾರ ಕಾವುಕಲ್ಲು ಕೊಟ್ಟಿತ್ತು. ಅದು ಉರಿಯಿಲ್ಲದ ಒಲೆ. ಕಾದಾಗ ಕೆಂಪಗಾಗುತ್ತದೆ, ಅಷ್ಟೆ. ನಾನು ಹೋದಾಗಲೆಲ್ಲ ಜಗುಲಿಯ ಮೇಲೆ ಚಾಪೆ ಹಾಸಿ, ಬಟ್ಟೆ ಮುಚ್ಚಿದ ಕುಕ್ಕೆಯಿಂದ ಬಿಸಿ ಮುದ್ದೆ ತೆಗೆದು ಬಡಿಸುವಳು. ಕಷ್ಟ ಕೇಳಿದರೆ, “ಮೊದ್ಲು ಉಣ್ಣವ್ವ, ಕಷ್ಟ ಎಲ್ಲೋದದು? ಇಲ್ಲೇ ಕೂತಿರ್ತದ” ಎಂದು ನಗುವಳು. ಮನೆಗೆ ಬಂದವರು ಉಣ್ಣದೆ ಏಳುವಂತಿಲ್ಲ, ಉಂಡವರ ಮುಂದೆ ಅಳುವಂತಿಲ್ಲ. ಅದು ಅವರ ಪದ್ಧತಿ. ಬಡಿಸುವ ಕೈ ಗಟ್ಟಿಯಾಗಿದೆ ಎಂದುಕೊಂಡು ಉಂಡೆ. ಹೋದ ವಾರ ಒಲೆಯ ಪ್ರಶ್ನೆಗೂ ‘ಹೌದು’ ಎಂದು ಗುರುತು ಹಾಕಿದೆ, ಕಡತ ಮುಚ್ಚಿತು.

ಅದು ತಪ್ಪೆಂದು ನಿನ್ನೆ ತಿಳಿಯಿತು. ಇಂದು ಬೆಳಿಗ್ಗೆ ಕಚೇರಿಯಲ್ಲಿ ಬೇಡಿಕೊಂಡೆ. “ಮುಚ್ಚಿದ್ದು ತೆಗೆಯೋ ದಾರಿನೇ ಇಟ್ಟಿಲ್ಲ ಮೇಡಂ. ಆ ಕಡೆ ಬೆಟ್ಟದ ನಾನೂರು ಮನೆಯವರು ಟೆಂಟಲ್ಲವ್ರೆ, ನಾಳೆಯಿಂದ ನೀವು ಅಲ್ಲಿಗೆ” ಎಂದರು ಮೇಲಧಿಕಾರಿ. ಅವರ ಮಾತೂ ಸುಳ್ಳಲ್ಲ. ಕೇತಮ್ಮನ ಔಷಧಿ ಈ ಅಮಾವಾಸ್ಯೆಗೆ ನಿಲ್ಲುತ್ತದೆ. ಒಬ್ಬಳೇ ಹೋಗಿ ಕೂರಬಲ್ಲೆ. ಔಷಧಿ ಬರೆಸಲಾರೆ, ವೈದ್ಯರನ್ನು ಕರೆಸಲಾರೆ.

ನಿಮ್ಮಲ್ಲಿ ಕೇಳುವುದು ಇಷ್ಟೇ: ಮುಚ್ಚಿದ ಕಡತವನ್ನು ಮತ್ತೆ ತೆರೆಯುವ ದಾರಿಯೊಂದನ್ನು ಬರೆದಿಡಿ. ನನ್ನಂಥವರು ತಪ್ಪುತ್ತೇವೆ.

ನಿನ್ನೆ ಹೇಳಿಬರಲೆಂದು ಹೋಗಿದ್ದೆ. ಕೇತಮ್ಮ ಸೊಪ್ಪಿಗೆ ಹೋಗಿದ್ದಳು. ಮುಚ್ಚಿದ ಬಾಗಿಲ ಮುಂದೆ ನಿಂತಿದ್ದ ನನ್ನನ್ನು ಕಂಡು ಪಕ್ಕದ ಮನೆಯ ದುಂಡಮ್ಮ ಬಂದಳು. ಇನ್ನು ನಾನು ಬರುವುದಿಲ್ಲ, ಕೇತಮ್ಮ ಸುಧಾರಿಸಿಕೊಂಡಿದ್ದಾಳೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಏನ್ ಸುದಾರ್ಸ್ಕಂಡ್ಲು? ಆ ಕಲ್ಲ ಇನ್ನೂ ಒಂದ್ ಕಿತವೂ ಹಚ್ಚಿಲ್ಲ ಕನವ್ವ, ಕೆಂಪು ಕಂಡ್ರೆ ನಡುಗ್ತಾಳ. ನೆನೆಸಿದ ಅಕ್ಕಿ ತಿನ್ಕಂಡವ್ಳೆ. ನೀ ಬರೋ ದಿನ ಮುದ್ದೆ ತೊಳಸಿ ಹಿಂದ್ಲ ಬಾಗ್ಲಲ್ಲಿ ಕುಕ್ಕೆ ಕೊಡ್ತಿದ್ದೋಳು ನಾನು. ಏಳು ವರ್ಸ ಉಂಡ್ಯಲ್ಲ, ಯಾರ ಕೈ ಮುದ್ದೆ ಅಂತ್ಲೂ ತಿಳೀನಿಲ್ವ?”